ಮಾರ್ಕನ ಸುವಾರ್ತೆಯ ಮುಕ್ತಾಯ

ಹೊಸ ಒಡಂಬಡಿಕೆಯ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಅತ್ಯಂತ ಚಿಕ್ಕದು. ಕ್ರಿ.ಶ. 70ರ ಆಸುಪಾಸಿನಲ್ಲಿ ರಚಿತವಾದ ಇದೇ ನಾಲ್ಕರಲ್ಲಿ ಹಳೆಯದೆಂದು ಬಹುಪಾಲು ವಿದ್ವಾಂಸರ ಮತ. ಇದರ 16ನೆಯ ಅಧ್ಯಾಯದಲ್ಲಿ ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು ಮತ್ತು ಸಲೋಮೆ ಸುಗಂಧದ್ರವ್ಯ ಹಿಡಿದು ಬೆಳಗಾಗುತ್ತಲೇ ಸಮಾಧಿಗೆ ಬರುತ್ತಾರೆ. ಬಾಗಿಲ ಕಲ್ಲು ಉರುಳಿದೆ. ಒಳಗೆ ಬಿಳಿ ನಿಲುವಂಗಿಯ ಯುವಕನೊಬ್ಬ ಯೇಸು ಎದ್ದನೆಂದೂ ಗಲಿಲಾಯದಲ್ಲಿ ಸಿಗುವನೆಂದೂ ತಿಳಿಸಿ, ಇದನ್ನು ಶಿಷ್ಯರಿಗೂ ಪೇತ್ರನಿಗೂ ಹೇಳಿರೆಂದು ಕಳಿಸುತ್ತಾನೆ. ಹೆಂಗಸರು ನಡುಗುತ್ತ ಓಡುತ್ತಾರೆ. ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಇದು 8ನೆಯ ವಚನ. ರೂಢಿಯ ಬೈಬಲ್‌ಗಳಲ್ಲಿ ಇದರ ಮುಂದೆ ಇನ್ನೂ 12 ವಚನಗಳಿವೆ. ಅವು ಮಾರ್ಕನವಲ್ಲ, ನಂತರ ಸೇರಿದವು. ಇದನ್ನು ಅರಿತು ಓದುವ ವಿಶ್ವಾಸಿಗೆ ಕಳೆದುಹೋಗುವುದು ಏನೂ ಇಲ್ಲ, ಮಾರ್ಕನ ದನಿ ಮಾತ್ರ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

4ನೆಯ ಶತಮಾನದ ಎರಡು ಶ್ರೇಷ್ಠ ಗ್ರೀಕ್ ಹಸ್ತಪ್ರತಿಗಳಾದ ಸಿನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಸುವಾರ್ತೆ 8ನೆಯ ವಚನಕ್ಕೇ ಮುಗಿಯುತ್ತದೆ. ವ್ಯಾಟಿಕನ್ ಪ್ರತಿಯ ಪುಟಕ್ಕೆ ಮೂರು ಅಂಕಣ. ಮಾರ್ಕ ಎರಡನೆಯದರಲ್ಲಿ ಮುಗಿದ ಮೇಲೆ ಲಿಪಿಕಾರ ಮೂರನೆಯದನ್ನು ಪೂರ್ತಿ ಖಾಲಿ ಬಿಟ್ಟು, ಲೂಕನನ್ನು ಮುಂದಿನ ಪುಟದಲ್ಲಿ ತೊಡಗಿದ್ದಾನೆ. ಮುಂದೆ ಇನ್ನೇನೋ ಇದೆಯೆಂದು ಅವನು ಕೇಳಿದ್ದಿರಬಹುದು, ಆದರೂ ಬರೆಯಲಿಲ್ಲ. ಅದೇ ಶತಮಾನದ ಸಭಾ ಇತಿಹಾಸಕಾರ ಯೂಸೇಬಿಯಸ್, ನಂಬಲರ್ಹ ಪ್ರತಿಗಳು ಇಲ್ಲಿಗೇ ನಿಲ್ಲುತ್ತವೆಂದು ದಾಖಲಿಸಿದ್ದಾನೆ. ಇವುಗಳಿಗಿಂತ ಬಲವಾದ ಸಾಕ್ಷಿ ಪಠ್ಯದೊಳಗೇ ಇದೆ. ಮಗ್ದಲದ ಮರಿಯಳ ಹೆಸರು ಶಿಲುಬೆಯ ಬಳಿ, ಹೂಳುವಾಗ, ಸಮಾಧಿಗೆ ಹೊರಟಾಗ ಹೀಗೆ ಬೆನ್ನುಬೆನ್ನಿಗೆ ಮೂರು ಸಲ ಬಂದಿದೆ. ಆದರೆ 9ನೆಯ ವಚನವು ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳೆಂದು ಅವಳನ್ನು ಈಗಷ್ಟೇ ಕಂಡಂತೆ ಪರಿಚಯಿಸುತ್ತದೆ. ಉಳಿದ ಇಬ್ಬರು ಮಾಯವಾಗುತ್ತಾರೆ. ಮಾತು ಕೊಟ್ಟಿದ್ದ ಗಲಿಲಾಯದ ಭೇಟಿಯ ಸುದ್ದಿಯೇ ಇಲ್ಲ. ಬೇರೆ ಕೈಯ ಹೊಲಿಗೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸುಮಾರು 180ರಲ್ಲಿ ಬಿಷಪ್ ಐರೇನಿಯಸ್ 19ನೆಯ ವಚನವನ್ನು ಮಾರ್ಕನದೆಂದೇ ಉಲ್ಲೇಖಿಸಿದ್ದಾನಲ್ಲ ಎಂಬುದು ತೂಕದ ಆಕ್ಷೇಪವೇ. ಆದರೆ ಅದರಿಂದ ಸಿದ್ಧವಾಗುವುದು ಸೇರ್ಪಡೆಯ ಹಳಮೆಯೇ ಹೊರತು ಕರ್ತೃತ್ವವಲ್ಲ. ಅಷ್ಟರಲ್ಲಿ ನೂರು ವರ್ಷ ಸಂದಿತ್ತು. ಗ್ರೀಕ್‌ನಲ್ಲಿ 8ನೆಯ ವಚನ 'ಏಕೆಂದರೆ' ಎಂಬರ್ಥದ 'ಗಾರ್' ಪದದಲ್ಲಿ ಮುಗಿಯುತ್ತದೆ; ಅಂಥ ಪದದಲ್ಲಿ ಯಾವ ಗ್ರೀಕ್ ಪುಸ್ತಕ ಮುಗಿದೀತು, ಕೊನೆಯ ಹಾಳೆ ಹರಿದುಹೋಗಿರಬೇಕು ಎನ್ನುವವರೂ ಇದ್ದಾರೆ. ಆದರೆ ತತ್ತ್ವಜ್ಞಾನಿ ಪ್ಲೋಟಿನಸ್‌ನ ಒಂದು ಪ್ರಬಂಧ ಅದೇ ಪದದಲ್ಲಿ ಮುಗಿಯುತ್ತದೆ. ವಿಶ್ವಾಸಿಯ ಆತಂಕ ಇವೆಲ್ಲಕ್ಕಿಂತ ಆಳದ್ದು: ಈ 12 ವಚನ ಬಿಟ್ಟರೆ ಪುನರುತ್ಥಾನದ ಗತಿಯೇನು? ಆ ಘೋಷಣೆ 6ನೆಯ ವಚನದಲ್ಲೇ ಆಗಿದೆ. ಮಾರ್ಕನಿಗಿಂತ ಮುಂಚೆ, 50ರ ದಶಕದಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಎದ್ದುಬಂದ ಕ್ರಿಸ್ತನನ್ನು ಕಂಡವರ ಪಟ್ಟಿಯೇ ಇದೆ.

ಹೀಗೆ ನಿಲ್ಲುವುದು ಮಾರ್ಕನ ರೀತಿಗೆ ಒಪ್ಪುವಂಥದ್ದೂ ಹೌದು. ಮೊದಲ ಅಧ್ಯಾಯದ ಕುಷ್ಠರೋಗಿಗೆ ಯಾರಿಗೂ ಹೇಳಬೇಡವೆಂದರೆ ಅವನು ಊರೆಲ್ಲ ಸಾರುತ್ತಾನೆ; ಕೊನೆಯಲ್ಲಿ ಹೋಗಿ ಹೇಳಿರೆಂದರೆ ಹೆಂಗಸರು ಬಾಯಿ ಬಿಡುವುದಿಲ್ಲ. ಬಿರುಗಾಳಿ ಅಡಗಿದಾಗಲೂ ಯೆರೂಸಲೇಮಿನ ದಾರಿಯಲ್ಲೂ ಶಿಷ್ಯರನ್ನು ಹಿಡಿದ ಭಯವೇ ಇಲ್ಲಿಯೂ ಹಿಡಿಯುತ್ತದೆ. ದೇವರ ಕಾರ್ಯದೆದುರು ಮನುಷ್ಯರು ತತ್ತರಿಸುವುದನ್ನು ಮಾರ್ಕನು ಮೊದಲಿನಿಂದಲೂ ಮುಚ್ಚಿಡದೆ ತೋರಿಸಿದ್ದಾನೆ.

ಹಾಗೆಂದು 12 ವಚನಗಳನ್ನು ಕಿತ್ತೆಸೆಯಬೇಕಿಲ್ಲ. ಕಥೋಲಿಕ ಸಭೆ 1546ರ ಟ್ರೆಂಟ್ ಮಹಾಸಭೆಯಲ್ಲಿ ಪವಿತ್ರ ಗ್ರಂಥಗಳನ್ನು ಅವುಗಳ ಎಲ್ಲ ಭಾಗಗಳೊಂದಿಗೆ ಅಂಗೀಕರಿಸಿತು; ಇವನ್ನು 2ನೆಯ ಶತಮಾನದ ಸಭೆಯ ಸಾಕ್ಷ್ಯವೆಂದು ಗೌರವದಿಂದ ಓದಬಹುದು. ಆದರೆ ಯಾವ ಮಾತು ಎಲ್ಲಿಂದ ಬಂತೆಂಬ ವಿವೇಕ ಬೇಕು. ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಕೆಲವು ಸಭೆಗಳಲ್ಲಿ 20ನೆಯ ಶತಮಾನದ ಆರಂಭದಿಂದ ಆರಾಧನೆಯ ನಡುವೆ ವಿಷದ ಹಾವುಗಳನ್ನು ಬರಿಗೈಯಲ್ಲಿ ಹಿಡಿಯುವ ಪದ್ಧತಿ ಬೆಳೆಯಿತು. ಕಚ್ಚಿಸಿಕೊಂಡು ಸತ್ತವರಿದ್ದಾರೆ. ಅವರು ಮುಖ್ಯ ಆಧಾರವಾಗಿ ಹಿಡಿದದ್ದು ವಿಶ್ವಾಸಿಗಳು ಹಾವುಗಳನ್ನು ಎತ್ತುವರೆನ್ನುವ ಈ ಸೇರ್ಪಡೆಯ 18ನೆಯ ವಚನವನ್ನು.