ಉಚ್ಚೆಂಗೆಮ್ಮನ ಗುಡ್ಡಕ್ಕೆ ಒಂದು ರಾತ್ರಿಯ ನಡಿಗೆ

ದಾವಣಗೆರೆಯಿಂದ ಈಶಾನ್ಯಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದಲ್ಲಿ, ಬಯಲುಸೀಮೆಯ ಎರೆ ಹೊಲಗಳ ನಡುವೆ ಉಚ್ಚಂಗಿದುರ್ಗದ ಬಂಡೆಗುಡ್ಡವಿದೆ. ಕೋಟೆಯೊಳಗಿನ ಗುಡಿಯಲ್ಲಿ ನೆಲೆಸಿರುವ ದೇವಿಗೆ ಪುರಾಣದ ನುಡಿಯಲ್ಲಿ ಉತ್ಸವಾಂಬೆ ಎಂದು ಹೆಸರು. ಜನರ ಬಾಯಲ್ಲಿ ಆಕೆ ಉಚ್ಚೆಂಗೆಮ್ಮ. ಮಾಘ ಮಾಸದ ಭರತ ಹುಣ್ಣಿಮೆಗೆ ಮತ್ತು ಯುಗಾದಿಗೆ ಸುತ್ತಲಿನ ಊರುಗಳವರು ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಗುಡ್ಡದ ಬುಡದಲ್ಲಿ ಒಂದು ರಾತ್ರಿ ತಂಗಿ, ಬೆಳಗ್ಗೆ ಮೇಲೇರಿ ಹರಕೆ ಒಪ್ಪಿಸಿ, ಬಂದ ದಾರಿ ಹಿಡಿಯುವುದು ವಾಡಿಕೆ. ದಾವಣಗೆರೆಯವರಿಗೆ ಇದು ಒಂದು ದಿನದ ನಡಿಗೆ. ಹೊಳೆದಂಡೆಯ ಹರಿಹರದಿಂದ ದಾವಣಗೆರೆಗೇ 14 ಕಿಲೋಮೀಟರ್ ಇರುವುದರಿಂದ ಅಲ್ಲಿಯವರು ಇನ್ನೂ ಮುಂಚೆ ಹೊರಡಬೇಕು.

ಈ ಗುಡ್ಡವನ್ನು ಮೊದಲು ಹುಡುಕಿಕೊಂಡು ಬಂದವು ಸೈನ್ಯಗಳು. ನೊಳಂಬವಾಡಿ ಮೂವತ್ತೆರಡು ಸಾವಿರವೆಂಬ ನಾಡಿನ ಬೀಗದ ಕೈ ಈ ಕೋಟೆಯಲ್ಲಿತ್ತು. ಹತ್ತನೆಯ ಶತಮಾನದಲ್ಲಿ ನೊಳಂಬರನ್ನು ಮುರಿದು ನೊಳಂಬಕುಲಾಂತಕನೆನಿಸಿದ ಗಂಗ ದೊರೆ ಎರಡನೆಯ ಮಾರಸಿಂಹನ ಗೆಲುವುಗಳನ್ನು ಸಾರುವ ಶ್ರವಣಬೆಳಗೊಳದ ಶಾಸನ ಉಚ್ಚಂಗಿಯ ಕೋಟೆಯನ್ನೂ ಹೆಸರಿಸುತ್ತದೆ. ಮುಂದೆ ಇಲ್ಲಿ ಆಳಿದವರು ಕಲ್ಯಾಣ ಚಾಲುಕ್ಯರ ಸಾಮಂತರಾದ ಉಚ್ಚಂಗಿಯ ಪಾಂಡ್ಯರು. ಮಧುರೆಯ ಪಾಂಡ್ಯರೇ ಬೇರೆ, ಇವರೇ ಬೇರೆ. ಹೊಯ್ಸಳ ವಿಷ್ಣುವರ್ಧನ ಈ ನಾಡನ್ನು ಗೆದ್ದು ನೊಳಂಬವಾಡಿಗೊಂಡ ಎಂಬ ಬಿರುದು ಧರಿಸಿದ. ಆದರೂ ಕೋಟೆ ಬಹುಕಾಲ ಹೊಯ್ಸಳರ ಕೈಯಲ್ಲಿ ಉಳಿಯಲಿಲ್ಲ. 1177ರ ಸುಮಾರಿಗೆ ಅವನ ಮೊಮ್ಮಗ ಇಮ್ಮಡಿ ಬಲ್ಲಾಳ ಅದನ್ನು ಮತ್ತೆ ಹಿಡಿಯಬೇಕಾಯಿತು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿಯೂ ಕೈಬಿಟ್ಟ ಕೋಟೆಯನ್ನು ಬಲ್ಲಾಳ ಲೀಲೆಯಿಂದ ಗೆದ್ದನೆಂದು ಹೊಯ್ಸಳ ಶಾಸನಗಳು ಕೊಂಡಾಡುತ್ತವೆ. ಹನ್ನೆರಡು ವರ್ಷವೆಂಬುದು ಹೊಗಳಿಕೆಯ ಲೆಕ್ಕವಿರಬಹುದು, ಕೋಟೆಯ ಬಿಗಿಯಂತೂ ಸುಳ್ಳಲ್ಲ. ಗಿರಿದುರ್ಗಮಲ್ಲ ಎಂಬ ಅವನ ಬಿರುದು ಈ ಗೆಲುವಿನ ನೆನಪು.

ದಾವಣಗೆರೆ ಆಗಿನ್ನೂ ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿ. ಹೆಸರು ಮಾಡಿದ್ದ ಊರುಗಳು ಬೇರೆಯೇ ಇದ್ದವು. ದಾವಣಗೆರೆಗೂ ಉಚ್ಚಂಗಿಗೂ ನಡುವೆ ಸಿಗುವ ಆಣಜಿಗೆ ಕದಂಬರ ಕಾಲದ ಶಾಸನವೇ ಇದೆ. ಕದಂಬ ದೊರೆ ಕೃಷ್ಣವರ್ಮನ ಸೇನೆ ಪಲ್ಲವರೊಡನೆ ಕಾದಿ ಸೋತದ್ದನ್ನು ಅದು ಹೇಳುತ್ತದೆ. ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವ 1224ರ ಹೊತ್ತಿಗೆ ಹರಿಹರೇಶ್ವರ ಗುಡಿ ಕಟ್ಟಿಸಿದ. ದಾವಣಗೆರೆ ಬೆಳೆದದ್ದು ಹದಿನೆಂಟನೆಯ ಶತಮಾನದಲ್ಲಿ, ಹೈದರಾಲಿ ಅದನ್ನು ಮರಾಠ ಸರದಾರ ಆಪೋಜಿರಾಮನಿಗೆ ಜಹಗೀರು ಕೊಟ್ಟು, ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ ಮೇಲೆ.

ಹೀಗೆ ಬೆಳೆದ ಪೇಟೆಯ ಹೆಸರುವಾಸಿ ಸರಕು ಕಂಬಳಿ. ತೀರಾ ನವುರಾದ ಕೆಲವಕ್ಕೆ ನೂರಾರು ರೂಪಾಯಿ ಬೆಲೆ ಬರುತ್ತಿತ್ತೆಂದು ಮೈಸೂರಿನ ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಒರಟು ಕಂಬಳಿ ಮಾತ್ರ ಎಲ್ಲರದು. ಬಯಲುಸೀಮೆಯ ದಾರಿಹೋಕನಿಗೆ ಅದೇ ಹಾಸಿಗೆ, ಅದೇ ಹೊದಿಕೆ, ಹನಿ ಬಿದ್ದರೆ ಅದೇ ಗೊಪ್ಪೆ. ಅದರ ಜೊತೆ ಒಂದು ಬುತ್ತಿ: ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ದಾವಣಗೆರೆಯ ಭಟ್ಟಿಗಳಲ್ಲಿ ಹುರಿದ ಮಂಡಕ್ಕಿ. ಯಾವುದೂ ಎರಡು ದಿನಕ್ಕೆ ಹಳಸುವಂಥದ್ದಲ್ಲ, ಮಂಡಕ್ಕಿಯಂತೂ ಭಾರವೂ ಅಲ್ಲ. ಒಂದು ರಾತ್ರಿ ಹೊರಗೆ ಕಳೆಯುವ ನಡಿಗೆಗೆ ಇದಕ್ಕಿಂತ ಒಪ್ಪುವ ಹೊರೆ ಸಿಗಲಾರದು.

ಕಾಲದ ಆಯ್ಕೆಯೂ ಅಷ್ಟೇ ಹದವಾಗಿದೆ. ಭರತ ಹುಣ್ಣಿಮೆ ಬರುವುದು ಸುಗ್ಗಿಯ ಬೆನ್ನಿಗೆ. ಕೈಗೆ ಬಿಡುವು, ಮನೆಯಲ್ಲಿ ಕಾಳು, ರಾತ್ರಿಯಿಡೀ ಬೆಳದಿಂಗಳು. ಯುಗಾದಿಯ ಹೊತ್ತಿಗೆ ಬಿಸಿಲು ಏರಿರುತ್ತದೆ, ಅಮಾವಾಸ್ಯೆಯ ಕತ್ತಲೆ ಬೇರೆ. ಎತ್ತಿನ ಗಾಡಿಗಳ ಕಾಲದಲ್ಲಿ ಗಾಡಿಯ ಅಚ್ಚಿಗೆ ತೂಗುಹಾಕಿದ ಲಾಟೀನೇ ಹಿಂದೆ ನಡೆಯುವವರಿಗೆ ದಾರಿ ತೋರಬೇಕಿತ್ತು. ಗುಡ್ಡದ ಕೆಳಗಿನ ಹಾಲಮ್ಮನ ತೋಪು ಬಿಡಾರದ ಜಾಗ. ಅಲ್ಲಿ ಸ್ನಾನ, ಮೂರು ಕಲ್ಲಿನ ಒಲೆ, ಎಡೆ, ದೇವಿಯ ಹೆಸರಿನಲ್ಲಿ ಪಡ್ಲಗಿ ಎಂಬ ಬುಟ್ಟಿ ತುಂಬಿಸುವುದು. ಆಮೇಲೆ ಉಧೋ ಉಧೋ ಎನ್ನುತ್ತ ಕೋಟೆಬಾಗಿಲುಗಳನ್ನು ಹಾದು ಮೆಟ್ಟಿಲೇರುವುದು.

ಇದೇ ಹುಣ್ಣಿಮೆಯ ರಾತ್ರಿ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಕ್ರೂರ ರೂಢಿಯೂ ಇಲ್ಲಿ ನಡೆದುಬಂದಿತ್ತು. ಬುತ್ತಿ ಹೊತ್ತು ಸಂಭ್ರಮದಿಂದ ನಡೆದ ಹಾದಿಯಲ್ಲೇ ಏನೂ ಅರಿಯದ ಹುಡುಗಿಯರನ್ನೂ ನಡೆಸಿಕೊಂಡು ಬರಲಾಗುತ್ತಿತ್ತು. ಈ ಗುಡ್ಡದ ಚರಿತ್ರೆಯಲ್ಲಿ ಯಾವ ಮುತ್ತಿಗೆಗಿಂತಲೂ ಹೆಚ್ಚು ನೋವಿನ ಸಂಗತಿ ಇದು. ಕರ್ನಾಟಕದ 1982ರ ಕಾಯ್ದೆ ಇದನ್ನು ಅಪರಾಧವೆಂದು ಸಾರಿತು. ಭರತ ಹುಣ್ಣಿಮೆಗೆ ಅಧಿಕಾರಿಗಳು, ಪೊಲೀಸರು, ಮಹಿಳಾ ಕಾರ್ಯಕರ್ತೆಯರು ತೋಪಿನಲ್ಲಿ ಕಾವಲಿರುವುದು ಈಗ ಜಾತ್ರೆಯ ಭಾಗವೇ ಆಗಿದೆ.

ನಡೆದವರ ಕಾಲಡಿಯ ಗಡಿಗಳು ಹಲವು ಬಾರಿ ಬದಲಾದವು. ದಾವಣಗೆರೆ, ಹರಿಹರ ಮೈಸೂರು ಸಂಸ್ಥಾನದಲ್ಲಿದ್ದರೆ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿ ಬಳ್ಳಾರಿ ಜಿಲ್ಲೆಯ ಮೂಲಕ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1868ರಲ್ಲಿ ಹರಿಹರದ ತುಂಗಭದ್ರೆಗೆ ಸೇತುವೆಯಾಗಿ, ಶತಮಾನದ ಕೊನೆಗೆ ರೈಲೂ ಬಂದಾಗ ದೂರದೂರಿನ ಭಕ್ತರು ದಾವಣಗೆರೆಯಲ್ಲಿಳಿದು ನಡೆಯುವುದು ಸುಲಭವಾಯಿತು. ಸರ್ಕಾರದ ಗಡಿ ಮಾತ್ರ ದಾರಿಯ ನಡುವೆ ಹಾಗೆಯೇ ಇತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದಾಗ ಅದು ಅಳಿಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅದರ ತಾಲ್ಲೂಕಾಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಈಗ ಹೆಚ್ಚಿನವರು ಟ್ರಾಕ್ಟರ್, ಬಸ್ಸುಗಳಲ್ಲಿ ಬರುತ್ತಾರೆ. ಹರಕೆ ಹೊತ್ತವರು ನಡೆದೇ ಬರುತ್ತಾರೆ, ತೋಪಿನಲ್ಲಿ ರಾತ್ರಿ ಕಳೆದು, ಬರಿದಾದ ಬುತ್ತಿಯ ಬಟ್ಟೆಯಲ್ಲಿ ದೇವಿಯ ಭಂಡಾರ ಕಟ್ಟಿಕೊಂಡು ಊರ ಕಡೆ ತಿರುಗುತ್ತಾರೆ.