ಗ್ರಹನೀಹಾರಿಕೆ: ಒಂದು ಹೆಸರಿನ ಚರಿತ್ರೆ

ಜ್ಯೋತಿಶ್ಶಾಸ್ತ್ರದಲ್ಲಿ ಗ್ರಹನೀಹಾರಿಕೆಗಳೆಂದು ಪ್ರಸಿದ್ಧವಾಗಿರುವ ವಸ್ತುಗಳಿಗೂ ಗ್ರಹಗಳಿಗೂ ಯಾವ ಸಂಬಂಧವೂ ಇಲ್ಲ. ಆದರೂ ಆ ಹೆಸರು ಎರಡು ಶತಮಾನಗಳಿಗೂ ಮೇಲ್ಪಟ್ಟು ಉಳಿದುಬಂದಿದೆ. ಅದೇ ವಸ್ತುಗಳ ಸಂಬಂಧದಲ್ಲಿ ಹುಟ್ಟಿದ ಮತ್ತೊಂದು ಹೆಸರಾದರೋ ಅಳಿದುಹೋಯಿತು. ಈ ಭೇದಕ್ಕೆ ಕಾರಣವು ವಿಚಾರಾರ್ಹವಾದುದು.

ಅಭಿಜಿತ್ ನಕ್ಷತ್ರವಿರುವ ಲೈರಾ ಮಂಡಲದ ಉಂಗುರ ನೀಹಾರಿಕೆಯನ್ನು 1779ರಲ್ಲಿ ಫ್ರಾನ್ಸಿನ ಮೆಸ್ಸಿಯೇ ಮತ್ತು ದಾರ್ಕಿಯೇ ಎಂಬವರು ಕಂಡರು. ದಾರ್ಕಿಯೇ ಅದನ್ನು ಕಾಂತಿಗುಂದಿದ ಗ್ರಹಕ್ಕೆ ಹೋಲಿಸಿದನು. 1781ರಲ್ಲಿ ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷೆಲನು ಇಂತಹ ದುಂಡಾದ ಮಸುಕು ಬಿಂಬಗಳನ್ನು ಪ್ರತ್ಯೇಕ ವರ್ಗವಾಗಿಸಿ ಗ್ರಹನೀಹಾರಿಕೆಗಳೆಂದು ಕರೆದನು. 1790ರ ನವೆಂಬರ್ 13ರಂದು ವೃಷಭದಲ್ಲಿ, ಮಂದಪ್ರಭೆಯ ನಟ್ಟನಡುವೆ ಒಂದೇ ನಕ್ಷತ್ರವಿರುವುದು ಅವನಿಗೆ ಕಂಡಿತು. ಆ ಪ್ರಭೆಯು ದೂರದ ನಕ್ಷತ್ರಗಳ ಗುಂಪಲ್ಲ, ಸ್ವಯಂಪ್ರಕಾಶವಾದ ದ್ರವ್ಯವೆಂದು ಅವನು ನಿರ್ಣಯಿಸಿದನು.

ಇದಕ್ಕೆ ಪ್ರಮಾಣವು ದೊರೆತುದು 1864ರಲ್ಲಿ. ಡ್ರೇಕೋ ಮಂಡಲದ ನೀಹಾರಿಕೆಯ ಬೆಳಕನ್ನು ವಿಲಿಯಂ ಹಗಿನ್ಸನು ವಿಭಜಿಸಿ ನೋಡಲು, ನಕ್ಷತ್ರಗಳಲ್ಲಿರುವಂತೆ ಅಖಂಡವಾದ ವರ್ಣಪಟಲವಿರದೆ, ಕೆಲವೇ ಉಜ್ಜ್ವಲ ರೇಖೆಗಳು ಕಂಡವು. ಅದು ಅನಿಲವೆಂಬುದು ಸಿದ್ಧವಾಯಿತು. ಆದರೆ ಅದರ ಮುಖ್ಯವಾದ ಹಸುರು ರೇಖೆಯು ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಆದುದರಿಂದ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನು ಕಲ್ಪಿಸಲಾಯಿತು. 1927ರಲ್ಲಿ ಐರಾ ಬೋವೆನನು, ಆ ರೇಖೆಯು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ್ದೆಂದು ತೋರಿಸಿದನು. ಭೂಮಿಯ ಅನಿಲಗಳಲ್ಲಿ ಪರಮಾಣುಗಳು ಈ ಬೆಳಕನ್ನು ಬೀರುವ ಮೊದಲೇ ಪರಸ್ಪರ ತಾಗಿ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ನೀಹಾರಿಕೆಯ ಅತಿವಿರಳವಾದ ಅನಿಲದಲ್ಲಿ ಮಾತ್ರ ಅವುಗಳಿಗೆ ಬೇಕಾದಷ್ಟು ಅವಕಾಶವುಂಟು.

ಸೂರ್ಯನಂತಹ ನಕ್ಷತ್ರವು ವೃದ್ಧಾವಸ್ಥೆಯಲ್ಲಿ ತನ್ನ ಹೊರಪದರಗಳನ್ನು ಕಳಚುತ್ತದೆ. ಬಯಲಾದ ಉಷ್ಣಗರ್ಭದ ನೇರಳಾತೀತ ಕಿರಣಗಳು ಆ ಅನಿಲವನ್ನು ಬೆಳಗಿಸುತ್ತವೆ. ಕೆಂಪು ದೈತ್ಯಕ್ಕೂ ಶ್ವೇತಕುಬ್ಜಕ್ಕೂ ನಡುವಣ ಈ ಘಟ್ಟವನ್ನು 1956ರಲ್ಲಿ ಷ್ಕ್ಲೋವ್‌ಸ್ಕಿ ಸೂಚಿಸಿದನು. ಪೊಳ್ಳಾದ ಕವಚದ ಅಂಚಿನಲ್ಲಿ ನಮ್ಮ ದೃಷ್ಟಿರೇಖೆಯು ಹೆಚ್ಚು ಅನಿಲವನ್ನು ಹಾಯ್ದುಬರುವುದರಿಂದ ಅಂಚು ಉಜ್ಜ್ವಲವಾಗಿ, ನಡುವು ಮಸುಕಾಗಿ ತೋರುತ್ತದೆ. ಎಲ್ಲವೂ ದುಂಡಗಿಲ್ಲ, ಎರಡು ರೆಕ್ಕೆ ಬಿಚ್ಚಿದಂತಿರುವವೂ ಅನೇಕ. ಜೊತೆನಕ್ಷತ್ರದ ಪ್ರಭಾವವು ಇದಕ್ಕೊಂದು ಕಾರಣವೆಂದು ವಿದ್ವಾಂಸರ ಮತ. ಕೆಲವು ಹತ್ತು ಸಾವಿರ ವರ್ಷಗಳೊಳಗೆ ಈ ಕವಚಗಳು ಹರಡಿ ಮರೆಯಾಗುತ್ತವೆ.

ನೆಬ್ಯುಲಿಯಂ ಎಂಬುದು ಒಂದು ವಸ್ತುವಿನ ಇರವನ್ನು ಸಾರಿದ ಹೆಸರು. ವಸ್ತುವಿಲ್ಲವೆಂದು ತಿಳಿದೊಡನೆ ಹೆಸರೂ ಹೋಯಿತು. ಗ್ರಹನೀಹಾರಿಕೆಯೆಂಬುದು ಕಣ್ಣಿಗೆ ತೋರಿದ ರೂಪವನ್ನಷ್ಟೇ ಹೇಳಿತು. ವಸ್ತುವಿನ ತತ್ತ್ವವು ಬೇರೆಯೆಂದು ತಿಳಿದರೂ ಅದಕ್ಕೆ ಬಾಧೆ ತಟ್ಟಲಿಲ್ಲ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಅನ್ವರ್ಥವಾಗಿ ಹುಟ್ಟಿದುದು ರೂಢವಾಗಿ ಉಳಿಯಿತು.