ಕಾದ ಎಂಜಿನ್, ಸುಟ್ಟ ಗ್ಯಾಸ್ಕೆಟ್: ಒಂದು ದುರಸ್ತಿ ವಿದ್ಯೆಯ ಚರಿತ್ರೆ

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಗಾಡಿ ಓಡಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಉಳಿದ ಶಾಖವನ್ನು ಸಿಲಿಂಡರಿನ ಗೋಡೆಗಳಿಂದ ತೆಗೆದು ಗಾಳಿಗೆ ಬಿಡದಿದ್ದರೆ ಪಿಸ್ಟನ್ ಹಿಗ್ಗಿ ಎಂಜಿನ್ ಸೀಜ್ ಆಗುತ್ತದೆ. ಆ ಶಾಖವನ್ನು ಸಾಗಹಾಕುವ ಉಪಾಯಗಳು ಬದಲಾದಂತೆಲ್ಲ ಎಂಜಿನ್ ಕೆಡುವ ಬಗೆಯೂ ಅದನ್ನು ಪತ್ತೆಹಚ್ಚುವ ಬಗೆಯೂ ಬದಲಾಗಿವೆ.

ಕಾರ್ಲ್ ಬೆಂಝ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗುತ್ತಲೇ ಶಾಖ ಹೋಗುತ್ತಿತ್ತು. 1888ರ ಆಗಸ್ಟಿನಲ್ಲಿ ಅವರ ಪತ್ನಿ ಬೆರ್ಥಾ ಬೆಂಝ್ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್ ದೂರ, ಆ ಗಾಡಿಯಲ್ಲಿ ಹೋದಾಗ ದಾರಿಯುದ್ದಕ್ಕೂ ನೀರು ತುಂಬಿಸುತ್ತ ಸಾಗಬೇಕಾಯಿತು. 1900ರ ಕೊನೆಗೆ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬಾಕ್ 8,070 ಸಣ್ಣ ಚೌಕ ಕೊಳವೆಗಳ ರೇಡಿಯೇಟರ್ ರೂಪಿಸಿದರು. ಗಾಳಿ ತಾಕುವ ಮೇಲ್ಮೈ ಹೆಚ್ಚಿದ್ದರಿಂದ, ನೀರನ್ನು ಕುದಿಸಿ ಕಳೆದುಕೊಳ್ಳದೆ ತಣಿಸಿ ಮತ್ತೆ ಬಳಸುವುದು ಸಾಧ್ಯವಾಯಿತು.

ಆಗಿನ ಅನೇಕ ಎಂಜಿನ್‌ಗಳಲ್ಲಿ ಸಿಲಿಂಡರ್ ಮತ್ತು ಅದರ ಹೆಡ್ ಒಂದೇ ಎರಕದಲ್ಲಿರುತ್ತಿದ್ದವು. ಅಲ್ಲಿ ಸೋರಲು ಸಂದೇ ಇರಲಿಲ್ಲ. ಆದರೆ ಒಳಗೆ ಕಟ್ಟಿದ ಕಾರ್ಬನ್ ಕೆರೆಯುವುದು ಬಹಳ ತ್ರಾಸದ ಕೆಲಸವಾಗಿತ್ತು. 1908ರ ಫೋರ್ಡ್ ಮಾಡೆಲ್ ಟಿ ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಹೆಡ್ಡನ್ನು ಲಕ್ಷಾಂತರ ಗಾಡಿಗಳಿಗೆ ಮುಟ್ಟಿಸಿತು. ಬ್ಲಾಕ್ ಮತ್ತು ಹೆಡ್‌ಗಳ ನಡುವೆ ತಾಮ್ರದ ತಗಡುಗಳ ಒಳಗೆ ಕಲ್ನಾರು ಇಟ್ಟ ಗ್ಯಾಸ್ಕೆಟ್ ಬಂತು. ಸಾಮಾನ್ಯ ಗ್ಯಾರೇಜಿನಲ್ಲೇ ಎಂಜಿನ್ ತೆರೆಯುವ ದಾರಿಯಾಯಿತು. ಅದರ ಜೊತೆಗೇ ಸುಟ್ಟುಹೋಗಬಹುದಾದ ಒಂದು ತೆಳು ಪದರವೂ ಎಂಜಿನ್ನಿನ ನಟ್ಟನಡುವೆ ಬಂದು ಕುಳಿತಿತು.

ಮಾಡೆಲ್ ಟಿಯ ಬಹುಪಾಲು ಗಾಡಿಗಳಲ್ಲಿ ನೀರಿಗೆ ಪಂಪ್ ಇರಲಿಲ್ಲ. ಬಿಸಿನೀರು ತಾನಾಗಿ ಮೇಲೇರಿ, ತಣಿದ ನೀರು ಕೆಳಗಿಳಿದು ಸುತ್ತುತ್ತಿತ್ತು. ಏರಿನಲ್ಲಿ ನೀರು ಕುದಿಯುವುದು ಮಾಮೂಲಿಯಾಗಿತ್ತು. 1910ರ ದಶಕದಲ್ಲಿ ರೇಡಿಯೇಟರ್ ಮುಚ್ಚಳದ ಮೇಲೆ ಕೂರುವ ಬಾಯ್ಸ್ ಮೋಟೋಮೀಟರ್ ಎಂಬ ತಾಪಮಾಪಕ ಬಂತು. ಸೀಟಿನಲ್ಲಿ ಕುಳಿತೇ ಎಂಜಿನ್ನಿನ ಕಾವು ನೋಡುವುದು ಚಾಲಕನಿಗೆ ಸಾಧ್ಯವಾಯಿತು. ಮುಂದೆ ನೀರಿನ ಪಂಪ್, ಥರ್ಮೋಸ್ಟಾಟ್ ಮತ್ತು ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳ ರೂಢಿಗೆ ಬಂದವು. ಚದರ ಇಂಚಿಗೆ 15 ಪೌಂಡ್ ಒತ್ತಡದ ಮುಚ್ಚಳವಿದ್ದರೆ ಸಮುದ್ರಮಟ್ಟದಲ್ಲಿ ಬರಿ ನೀರೂ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಕಾದ ಗಾಡಿಯ ಮುಚ್ಚಳ ತೆಗೆದೊಡನೆ ನೀರು ಚಿಮ್ಮಿ ಕೈ ಮುಖ ಸುಡುವುದಕ್ಕೂ ಈ ಒತ್ತಡವೇ ಕಾರಣ.

ಕರ್ನಾಟಕದ ಮಟ್ಟಿಗೆ ಈ ಸಮಸ್ಯೆ ಎದ್ದು ಕಂಡದ್ದು ಘಟ್ಟದ ದಾರಿಗಳಲ್ಲಿ. ಶಿರಾಡಿ, ಚಾರ್ಮಾಡಿ, ಆಗುಂಬೆಯ ಏರುಗಳಲ್ಲಿ ಗಾಡಿ ಸಣ್ಣ ಗೇರಿನಲ್ಲಿ ನಿಧಾನ ಏರುತ್ತದೆ; ಎಂಜಿನ್ ಜೋರಾಗಿ ದುಡಿದರೂ ರೇಡಿಯೇಟರಿಗೆ ಎದುರುಗಾಳಿ ಸಾಲುವುದಿಲ್ಲ. ಬಾನೆಟ್ ಎತ್ತಿ ನಿಂತ ಅಂಬಾಸಡರ್, ಫಿಯೆಟ್ ಕಾರುಗಳು ಅಲ್ಲಿ ಒಂದು ಕಾಲಕ್ಕೆ ಸಾಮಾನ್ಯ ನೋಟವಾಗಿದ್ದವು. ಅಂಬಾಸಡರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಬ್ಲಾಕ್, ಹೆಡ್ ಎರಡೂ ಬೀಡು ಕಬ್ಬಿಣದವು. ಕಾವಿಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿದ್ದವು. 1983ರಲ್ಲಿ ಬಂದ ಮಾರುತಿ 800 ಅಲ್ಯೂಮಿನಿಯಂ ಹೆಡ್ಡನ್ನು ಊರೂರಿನ ಗ್ಯಾರೇಜಿಗೆ ತಂದಿತು. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ನೀರು ಬತ್ತಿದ ಗಾಡಿಯನ್ನು ಸ್ವಲ್ಪ ದೂರ ಓಡಿಸಿದರೂ ಹೆಡ್ ಬೆಂಡಾಗಿ ಗ್ಯಾಸ್ಕೆಟ್ ಹೋಗುವ ಅಪಾಯ ಹೆಚ್ಚಿತು. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕುಬಿಡುವುದೂ ಉಂಟು.

ಹೆಡ್ ಗ್ಯಾಸ್ಕೆಟ್ ಉರಿಯುವ ಅನಿಲ, ನೀರು, ಆಯಿಲ್ ಈ ಮೂರನ್ನೂ ಬೇರೆ ಬೇರೆ ಇಡುತ್ತದೆ. ಸೋರಿಕೆ ಯಾವುದರ ನಡುವೆ ಎಂಬುದರ ಮೇಲೆ ಲಕ್ಷಣಗಳು ಬೇರೆಯಾಗುತ್ತವೆ. ಅನಿಲ ನೀರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತವೆ, ತಣ್ಣಗಿದ್ದ ಎಂಜಿನ್ ಚಾಲೂ ಆದ ಸ್ವಲ್ಪ ಹೊತ್ತಿಗೇ ಹೋಸ್ ಗಟ್ಟಿಯಾಗುತ್ತದೆ. ನೀರು ಸಿಲಿಂಡರಿಗಿಳಿದರೆ ಸೈಲೆನ್ಸರಿನಿಂದ ಬಿಡದೆ ಬಿಳಿ ಹೊಗೆ ಬರುತ್ತದೆ. ನೀರು ಆಯಿಲಿಗೆ ಸೇರಿದರೆ ಆಯಿಲ್ ಕಡೆದ ಮಜ್ಜಿಗೆಯಂತಾಗುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಸುಟ್ಟರೆ ನೀರು ಕಡಿಮೆಯಾಗದೆಯೇ ಆ ಎರಡರ ಕಂಪ್ರೆಶನ್ ಬೀಳುತ್ತದೆ. ಚಳಿಯ ಮುಂಜಾನೆ ಕಾಣುವ ಆವಿ, ಸಣ್ಣ ಓಡಾಟದ ಗಾಡಿಗಳ ಆಯಿಲ್ ಮುಚ್ಚಳದಡಿಯ ನೊರೆ ಕೂಡ ಇವನ್ನೇ ಹೋಲುತ್ತವೆ. ಅದಕ್ಕೇ ಹೆಡ್ ಇಳಿಸುವ ಮೊದಲು ಕಂಪ್ರೆಶನ್ ಗೇಜ್ ಹಾಕಿ ನೋಡುವ, ರೇಡಿಯೇಟರಿನ ಬಾಯಲ್ಲಿ ನೀಲಿ ದ್ರವದ ಪರೀಕ್ಷೆ ನಡೆಸುವ ಕ್ರಮ ಬೆಳೆಯಿತು. ಪೆಟ್ರೋಲ್ ಎಂಜಿನ್ನಿನ ಅನಿಲ ನೀರಿಗೆ ಸೇರುತ್ತಿದ್ದರೆ, ಅದರಲ್ಲಿನ ಕಾರ್ಬನ್ ಡೈಆಕ್ಸೈಡ್ ತಾಕಿ ಆ ದ್ರವ ಹಳದಿಗೆ ತಿರುಗುತ್ತದೆ.

ಹೆಡ್ಡನ್ನು ಎಂಜಿನ್ ಪೂರ್ತಿ ತಣಿದ ಮೇಲೆ ಬಿಚ್ಚಬೇಕು. ಸಾಮಾನ್ಯವಾಗಿ ಬೋಲ್ಟ್‌ಗಳನ್ನು ಅಂಚಿನಿಂದ ನಡುವಿಗೆ ಸಡಿಲಿಸಿ, ಜೋಡಿಸುವಾಗ ನಡುವಿನಿಂದ ಅಂಚಿಗೆ ಹಂತಹಂತವಾಗಿ ಟಾರ್ಕ್ ವ್ರೆಂಚಿನಲ್ಲಿ ಬಿಗಿಯುತ್ತಾರೆ. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಬೆಂಡು ಅಳೆಯುತ್ತಾರೆ. ಎಷ್ಟೋ ಸಣ್ಣ ಎಂಜಿನ್‌ಗಳಿಗೆ 0.05 ಮಿಲಿಮೀಟರ್ ದಾಟಿದ ಬೆಂಡೇ ಹೆಚ್ಚು. ಆಗ ಹೆಡ್ ಫೇಸಿಂಗಿಗೆ ಹೋಗುತ್ತದೆ. ಅತಿಯಾಗಿ ಉಜ್ಜಿದರೆ ಕಂಪ್ರೆಶನ್ ಏರಿ ಎಂಜಿನ್ ನಾಕ್ ಹೊಡೆಯತೊಡಗುತ್ತದೆ.

ಕಲ್ನಾರಿನ ನಾರು ಶ್ವಾಸಕೋಶಕ್ಕೆ ಮಾರಕವೆಂದು ಖಚಿತವಾದ ಮೇಲೆ ಗ್ಯಾಸ್ಕೆಟ್ಟಿನ ವಸ್ತುವೂ ಬದಲಾಯಿತು. ಗ್ರಾಫೈಟ್ ಬಂತು, ಅನಂತರ ತೆಳುವಾದ ಉಕ್ಕಿನ ಹಲವು ಪದರಗಳ ಗ್ಯಾಸ್ಕೆಟ್ ಹರಡಿತು. ಹಳೆಯ ಕಲ್ನಾರು ಮೇಲ್ಮೈಯ ಸಣ್ಣ ಒರಟನ್ನು ತಾನೇ ತುಂಬಿಕೊಳ್ಳುತ್ತಿತ್ತು. ಕೂತು ತೆಳುವಾಗುತ್ತಿದ್ದುದರಿಂದ ಸ್ವಲ್ಪ ದಿನ ಗಾಡಿ ಓಡಿಸಿ ಬೋಲ್ಟ್ ಮತ್ತೆ ಬಿಗಿಯಬೇಕಿತ್ತು. ಉಕ್ಕಿನ ಪದರಗಳಿಗೆ ಸಾಮಾನ್ಯವಾಗಿ ಮರುಬಿಗಿತ ಬೇಡ. ಆದರೆ ಅವು ನುಣುಪಾದ ಮೇಲ್ಮೈ ಬೇಡುತ್ತವೆ. ಕೈಯಲ್ಲಿ ಎಮೆರಿ ಕಾಗದ ಹಿಡಿದು ಉಜ್ಜುವ ಹಳೆಯ ಪದ್ಧತಿ ಇಲ್ಲಿ ಸಲ್ಲದು.

ವಸ್ತು ಬದಲಾದರೂ ದುರಸ್ತಿಯ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ: ಎಂಜಿನ್ ಮೊದಲು ಕಾದದ್ದೇಕೆ? ಕಟ್ಟಿಕೊಂಡ ರೇಡಿಯೇಟರ್, ತೆರೆಯದ ಥರ್ಮೋಸ್ಟಾಟ್, ಸವೆದ ಪಂಪ್, ತಿರುಗದ ಫ್ಯಾನ್, ಒತ್ತಡ ಹಿಡಿಯದ ಮುಚ್ಚಳ ಇವುಗಳಲ್ಲಿ ಒಂದನ್ನು ಹಾಗೇ ಬಿಟ್ಟು ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ. ಆದ್ದರಿಂದ ಇವೆಲ್ಲವನ್ನೂ ಪರೀಕ್ಷಿಸಿ, ಸರಿಯಾದ ಕೂಲೆಂಟ್ ತುಂಬಿಸಿ, ಒಳಗೆ ಸಿಕ್ಕಿದ ಗಾಳಿ ಹೊರಹಾಕಿ, ಫ್ಯಾನ್ ತಾನಾಗಿ ಚಾಲೂ ಆಗುವವರೆಗೆ ಎಂಜಿನ್ ಓಡಿಸಿ ನೋಡಿದ ಮೇಲೆಯೇ ಈ ದುರಸ್ತಿ ಮುಗಿಯುತ್ತದೆ.